ಗೇಟಿನಲ್ಲಿ ಚೆಲ್ಲಿದ ಬಸಳೆಯ ನೀರು

ಮರುಭೂಮಿ ತೋಟದ ಕಾಲೊನಿಯ ಮಾನ್ಯ ವ್ಯವಸ್ಥಾಪಕರೇ,

ಈ ದೇಶದ ಮರಳಿಗೆ ಹಸಿರು ಎಂದರೇನೆಂದು ಮೊದಲು ತೋರಿಸಿದವನು ನಾನು. ಖರ್ಜೂರದ ಮರಗಳು ನನಗಿಂತ ಮೊದಲೇ ಇದ್ದವು ಎಂದು ಕೆಲವರು ವಾದಿಸುತ್ತಾರೆ. ಅವರಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಅಂಥವನ ಹೆಂಡತಿ ವಸಂತಿಯನ್ನು ಕಳೆದ ಶನಿವಾರ ನಿಮ್ಮ ಗೇಟಿನಲ್ಲಿ ತಡೆದು, ಅವಳು ತಂದ ಕ್ಯಾನುಗಳ ನೀರನ್ನು ರಸ್ತೆಗೆ ಚೆಲ್ಲಿಸಿದ್ದೀರಿ. ನನ್ನ ದೂರು ಇಷ್ಟೇ. ಉಳಿದದ್ದು ಅದರ ಹಿನ್ನೆಲೆ.

ಪ್ಲಾಟು ಗುತ್ತಿಗೆಗೆ ಕೊಡುವಾಗ ನೀವು ನಮ್ಮನ್ನು 'ಮರುಭೂಮಿಯ ಮೊದಲ ವಸಾಹತುಗಾರರು' ಎಂದು ಕರೆದಿರಿ. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಆದರೂ ಆ ಪದ ಕೇಳಿದೊಡನೆ ನಮ್ಮ ಮಾಸ್ಟ್ರು ಮಾಡಿದ ಪಾಠ ನೆನಪಾಗಬೇಕಿತ್ತು. ಕಡಲು ದಾಟಿ ಹೋದ ಬಿಳಿಯರು ಕಂಡ ಜಾಗಕ್ಕೆಲ್ಲ ಬೇಲಿ ಹಾಕಿ, ತಮ್ಮೂರಿನ ಬೀಜವನ್ನು ತಮ್ಮೂರಿನ ಕ್ರಮದಲ್ಲೇ ಬಿತ್ತಿ, ಮೊದಲ ಚಳಿಗಾಲವನ್ನು ಹೊಟ್ಟೆಗಿಲ್ಲದೆ ಕಳೆದರಂತೆ. ಅಂದು ಹಿಂದಿನ ಬೆಂಚಿನಲ್ಲಿ ಕುಳಿತು ನಕ್ಕಿದ್ದೆ. ಆ ನಗು ಈಗ ಬಡ್ಡಿಸಮೇತ ವಾಪಸು ಬಂದಿದೆ.

ಏಕೆಂದರೆ ನಾವು ಮಾಡಿದ್ದೂ ಅದನ್ನೇ. ನಮ್ಮ ಕರಾವಳಿಯ ಕೆಂಪು ಮಣ್ಣು ಹುಳಿ. ಬೂದಿ ಬಿದ್ದರೆ ತರಕಾರಿ ಎದ್ದು ನಿಲ್ಲುತ್ತದೆ. ಪಕ್ಕದ ಪ್ಲಾಟಿನ ಶುಕೂರ್, ನಗರದ ಸತ್ವಾ ಬಡಾವಣೆಯಲ್ಲಿ ಟೈಲರ್, ತನ್ನ ಪರಿಚಯದ ಕಬಾಬಿನ ಅಂಗಡಿಯಿಂದ ಬೂದಿ ಹೊಂದಿಸಿದ. ಅಕ್ಕಿಯ ಗೋಣಿಗಳಲ್ಲಿ ತುಂಬಿ, ಕಾರಿನ ಡಿಕ್ಕಿಯಲ್ಲಿ ತಂದು, ನಿಮ್ಮ ಮೇಲ್ವಿಚಾರಕರ ಎದುರೇ ಸುರಿದೆವು. ಅವರು ಫೋಟೋ ತೆಗೆದುಕೊಂಡರು. ಮೆಚ್ಚಿಕೊಂಡರು ಎಂದು ನಾನು ಸ್ವಲ್ಪ ಎದೆ ಉಬ್ಬಿಸಿಯೂ ನಿಂತೆ. ವಸಂತಿ ಮಾತ್ರ ಒಪ್ಪಲಿಲ್ಲ. "ಆ ಕಬಾಬಿನ ವಾಸನೆ ನನ್ನ ಬಸಳೆಯ ಹತ್ತಿರ ಬಂದರೆ ನೋಡಿ" ಎಂದು ತನ್ನ ಒಂದು ಸಾಲನ್ನು ಬೇರೆ ಮಾಡಿಕೊಂಡಳು.

ಬೆಂಡೆ ಹಳದಿಯಾಯಿತು. ಅಲಸಂಡೆ ಮೊಳಕೆಯಲ್ಲೇ ಸುಟ್ಟುಹೋಯಿತು. ನಿಮ್ಮ ಬೋರಿನ ನೀರು ಹಾಯಿಸಿದಷ್ಟೂ ನೆಲದ ಮೇಲೆ ಉಪ್ಪಿನ ಬಿಳಿ ಹುಡಿ. "ಮೋಹನಣ್ಣ, ಇದು ತೋಟ ಅಲ್ಲ ಮಾರಾಯ್ರೆ, ಉಪ್ಪಿನಕಾಯಿ ಭರಣಿ. ನಾವು ಮಾವಿನಮಿಡಿ" ಎಂದ ಶುಕೂರ್. ನನ್ನ ತಮ್ಮನ ಮಗಳು ಯಶ್ಮಿತಾ "ದೊಡ್ಡಪ್ಪ, ಇಟ್ಸ್ ಜಸ್ಟ್ ಸ್ಯಾಂಡ್, ನೋ?" ಎಂದು ಕೇಳಿದಳು.

ಆಮೇಲೆ ನಿಮ್ಮ ನೋಟಿಸು ಬಂತು. ಈ ಮಣ್ಣಿನಲ್ಲಿ ಕ್ಷಾರ ಮೊದಲೇ ಜಾಸ್ತಿಯಂತೆ, ನಾವು ಬೂದಿ ಹಾಕಿ ಇನ್ನಷ್ಟು ಕೆಡಿಸಿದೆವಂತೆ. ಸಾಕ್ಷಿಗೆ ಅದೇ ಫೋಟೋ. ಮಾರ್ಚ್ ಒಳಗೆ ಹಸಿರು ಕಾಣದಿದ್ದರೆ ಪ್ಲಾಟು ವಾಪಸ್. ಮೊದಲೇ ಜಾಸ್ತಿ ಎಂಬುದು ನಿಮಗೆ ಗೊತ್ತಿತ್ತು ಎಂದಾಯಿತಲ್ಲ? ಗೋಣಿ ಇಳಿಸುವಾಗ ಬೇಡ ಎನ್ನಲು ನಿಮ್ಮವರ ಬಾಯಿಗೆ ಏನಾಗಿತ್ತು?

ಇಷ್ಟಾದರೂ ವಸಂತಿಯ ಸಾಲು ಬದುಕಿದೆ. ಅಲ್ ನಹ್ದಾದ ನಮ್ಮ ಫ್ಲಾಟಿನ ಎಸಿಯಿಂದ ತೊಟ್ಟಿಕ್ಕುವ ಉಪ್ಪಿಲ್ಲದ ನೀರನ್ನು ಹಿಡಿದು, ಸಾಲದ್ದಕ್ಕೆ ಕೆಳಗಿನ ಮನೆಯ ಮೈಮೂನಾಳ ಎಸಿ ನೀರನ್ನೂ ಕೇಳಿ ತಂದು ಹೊಯ್ಯುತ್ತಾಳೆ. ಬಳ್ಳಿ ಚಪ್ಪರ ಹಿಡಿದಿದೆ. ನಿಮಗೆ ತೋರಿಸಲು ನಮ್ಮ ಹತ್ತಿರ ಇರುವ ಹಸಿರು ಅದೊಂದೇ. ಅಷ್ಟರಲ್ಲಿ ನಿಮ್ಮ ಹೊಸ ನಿಯಮ: ಹೊರಗಿನ ನೀರು ನಿಷೇಧ.

"ಬಾಹರ್ ಕಾ ಪಾನಿ ಮಾಫಿ, ಆಂಟಿ" ಎಂದ ಕಾವಲುಗಾರ. ಇಲ್ಲಿಯ ಅರಬಿಯಲ್ಲಿ ಮಾಫಿ ಎಂದರೆ ಕ್ಷಮೆಯಲ್ಲ, 'ಇಲ್ಲ'.

"ಪೀನೇ ಕಾ ನಹೀ ಬೇಟಾ, ಬಸಳೆ ಕಾ."

"ಬಸಳೆ ಭೀ ಮಾಫಿ."

ವಾಪಸು ಬರುವ ದಾರಿಯುದ್ದಕ್ಕೂ ವಸಂತಿ ನನ್ನನ್ನು ಬಯ್ಯಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲು. ನಿಮ್ಮ ನೋಟಿಸಿಗೆ ಹೆದರದ ನನಗೆ ಆಗ ಹೆದರಿಕೆಯಾಯಿತು.

ಬೋರಿನ ನೀರು ಸಿಹಿ ಮಾಡಿಕೊಡಿ ಎಂದು ನಾನು ಕೇಳುವುದಿಲ್ಲ. ಹಣ ವಾಪಸ್ ಕೇಳಿ ಕೇಳಿ ದಣಿದಿದ್ದೇನೆ, ಅದೂ ಬೇಡ. ಬರುವ ಶನಿವಾರ ವಸಂತಿಯ ಕ್ಯಾನುಗಳನ್ನು ಒಳಗೆ ಬಿಡಿ. ಬಳ್ಳಿ ಅಲ್ಲಿಯವರೆಗೆ ತಾಳಬಹುದು, ಆಮೇಲಿನದು ಹೇಳಲಾರೆ.

ಎಷ್ಟು ಹೋಯಿತು ಎಂದು ಕೇಳಿದ ಸತ್ವಾದ ಗೆಳೆಯರಿಗೆ ಎರಡು ಲಕ್ಷ ದಿರ್ಹಂ ಎಂದಿದ್ದೇನೆ. ವಸಂತಿಗೆ ಬರೀ ಎರಡು ಸಾವಿರ ಎಂದಿದ್ದೇನೆ. ಇದು ಬಹಿರಂಗ ಪತ್ರ; ಅವಳೂ ಓದುತ್ತಾಳೆ. ಓದಲಿ.

ಇಂತಿ,
ರುವೈಸ್‌ನ ಕೆಲಸ ಬಿಡುವಾಗ ಕೈಗೆ ಬಂದ ಮೂವತ್ತೆಂಟು ಸಾವಿರದ ಐನೂರು ದಿರ್ಹಮನ್ನು ಒಂದೂ ಉಳಿಸದೆ ನಿಮ್ಮ ಮರಳಿಗೆ ಸುರಿದ
ಮೋಹನದಾಸ್