ಅಪ್ಪನ ಹೆಡ್‌ಫೋನ್

ತಾರೀಖು ಹದಿನಾಲ್ಕು, ಮಂಗಳವಾರ

ಅಪ್ಪನ ಮೇಲೆ ನನಗೆ ಅನುಮಾನ.

ನಾನು ಶಾಲೆ ಬಿಟ್ಟ ದಿನದಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಮನೆಗೆ ಬಂದವರೇ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಅದರ ದುಂಡು ಪಿನ್ನು ಹೊಸ ಫೋನಿಗೆ ಹೋಗುವುದಿಲ್ಲವೆಂದು ಹೋದ ವಾರ ಅಡಾಪ್ಟರ್ ತಂದುಕೊಟ್ಟವಳು ನಾನೇ. ತೂತಿಗೆ ಹೊಂದಿದರೆ ಸಾಕೆಂದು ಆರಿಸಿದ್ದೂ ನಾನೇ. ಅಂದಿನಿಂದ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ.

ನಿನ್ನೆ ಅಡುಗೆಮನೆಯಲ್ಲಿ ಅಮ್ಮನಿಗೆ, ನನ್ನ ಚಪ್ಪಲಿ ಬಾರು ಕಿತ್ತಿದೆ ಅಂದಿದ್ದೆ. ಬೆಳಿಗ್ಗೆ ನೋಡಿದರೆ ಯಾರೋ ದಪ್ಪ ದಾರದಲ್ಲಿ ಹೊಲಿದಿದ್ದರು.

"ಅಪ್ಪನಿಗೆ ನೀನು ಹೇಳಿದ್ಯಾ?"

"ನಾನ್ಯಾಕೆ ಹೇಳ್ಲಿ? ಅವರ ಕಿವಿಗೆ ಬೀಗ ಬಿದ್ದಿದೆಯಲ್ಲ" ಅಂದಳು ಅಮ್ಮ.

ಅಪ್ಪ ಸ್ನಾನಕ್ಕೆ ಹೋದಾಗ ಹೆಡ್‌ಫೋನ್ ನಾನೇ ಹಾಕಿಕೊಂಡು ನೋಡಿದೆ. ಹಾಡು ಹಾಕಿದರೆ ಅದು ಫೋನಿನಿಂದಲೇ ಹೊರಗೆ ಬಂತು, ಕಿವಿಯೊಳಗೆ ಸದ್ದೇ ಇಲ್ಲ. ಅಂಗಡಿಗೆ ಓಡಿದೆ.

"ಇದು ಬರೀ ತಂತಿ ಕಣಮ್ಮ. ನಿಮ್ಮ ಫೋನಿಗೆ ಸದ್ದು ದಾಟಿಸೋ ಚಿಪ್ ಒಳಗೆ ಇರೋ ಅಡಾಪ್ಟರೇ ಬೇಕು" ಅಂದ ಅಂಗಡಿಯಣ್ಣ. "ಒಂದು ವಾರ ನಿಮ್ಮಪ್ಪ ಏನು ಕೇಳ್ತಾ ಕೂತಿದ್ರು?"

ನಮ್ಮನ್ನೇ! ಹಾಡೂ ಹಾಕದೆ, ಕದ್ದು ಕೇಳುತ್ತಿದ್ದರು. ಹಾಗಾದರೆ ನಾನು ಅಮ್ಮನ ಹತ್ತಿರ 'ಅಪ್ಪನಿಗಿಂತ ಗೋಡೆ ವಾಸಿ' ಅಂದದ್ದೂ ಕೇಳಿಸಿರಬೇಕು. ಆಮೇಲೂ ಚಪ್ಪಲಿ ಹೊಲಿದರಲ್ಲ, ಯಾಕೆ?

ಚಿಪ್ ಇರುವುದನ್ನು ತಂದಿದ್ದೇನೆ, ದಿಂಬಿನ ಕೆಳಗಿದೆ. ಕೊಟ್ಟರೆ ಅವರ ಕಿವಿ ನಿಜವಾಗಿಯೂ ಮುಚ್ಚಿಹೋಗಬಹುದು. ಕೊಡದೆ ಬಚ್ಚಿಟ್ಟರೆ ನಾನೂ ಅವರಷ್ಟೇ ಕಳ್ಳಿ. ಕೊಡುತ್ತೇನೆ. ಆದರೆ ಅದಕ್ಕೂ ಮೊದಲು, ನಾಳೆ ಸಂಜೆ, ಶಾಲೆ ಯಾಕೆ ಬಿಟ್ಟೆ ಅನ್ನುವುದನ್ನು ಅಮ್ಮನಿಗೆ ಹೇಳಿಬಿಡಬೇಕು. ಅಡುಗೆಮನೆಯ ಬಾಗಿಲು ತೆರೆದಿಟ್ಟು, ಸ್ವಲ್ಪ ಗಟ್ಟಿಯಾಗಿಯೇ.