ಕೆರೆ ಏರಿಯ ಕೆಳಗೊಂದು ಸಮುದ್ರ, ಅದರ ಕೆಳಗೆ ನಮ್ಮ ಒಟ್ಲು

ಕಡಲಕಳೆ ಉತ್ತೇಜನ ಘಟಕದ ಯೋಜನಾಧಿಕಾರಿಗಳೇ,

ಈ ಶ್ರಾವಣದ ಮೊದಲ ಸೋಮವಾರ ತಮ್ಮ ಸಿಬ್ಬಂದಿ ನಮ್ಮ ಕೆರೆಯ ಕಾಲುವೆಗೆ ಉಪ್ಪುನೀರು ಬಿಟ್ಟರು. ಆ ನೀರು ನನ್ನ ಅತ್ತಿಗೆ ಶಿವರತ್ನಮ್ಮನ ಒಟ್ಲಿಗೆ, ಅಂದರೆ ನಾಟಿಗೆಂದು ಭತ್ತದ ಪೈರು ಬೆಳೆಸಿದ್ದ ಮಡಿಗೆ, ನುಗ್ಗಿತು. ವಾರ ಕಳೆಯುವುದರೊಳಗೆ ಪೈರು ತುದಿಯಿಂದ ಬೆಳ್ಳಗಾಗಿ ಮಲಗಿತು. ಇದಕ್ಕೆ ತಮ್ಮ ಕಚೇರಿ ಹೇಳಿದ ಕಾರಣ ‘ಮಹಿಳೆಯರ ಅಜಾಗರೂಕತೆ’. ಇನ್ನೂ ಏನಾದರೂ ಕೇಳುವುದಿದ್ದರೆ ಮೇಲಿನವರನ್ನು ಕೇಳಿ ಎಂದರು. ತಮ್ಮ ಮೇಲೆ ಯಾರಿದ್ದಾರೋ ನಾವು ಕಾಣೆವು. ತಮ್ಮ ತೊಟ್ಟಿಗಳ ಕೆಳಗೆ ನಮ್ಮ ಗದ್ದೆ ಇರುವುದಂತೂ ನಿಜ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮದು ಯಳಂದೂರು ತಾಲ್ಲೂಕು, ಹೊನ್ನೂರಿನ ಆಚೆಯ ಊರು. ಸಮುದ್ರ ನೋಡಬೇಕೆಂದರೆ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಇಂಥ ಊರಿನ ಕೆರೆ ಏರಿಯ ಕೆಳಗೆ ತಾವು ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿಸಿದಿರಿ, ಕೆರೆಯ ನೀರನ್ನೇ ತುಂಬಿಸಿದಿರಿ, ಲಾರಿಯಲ್ಲಿ ಉಪ್ಪು ತರಿಸಿ ಸುರಿದಿರಿ, ಹಗ್ಗಗಳಿಗೆ ಕಡಲಕಳೆ ಕಟ್ಟಿಸಿ ಇಳಿಬಿಟ್ಟಿರಿ, ಮೇಲೆ ಹಸಿರು ಬಲೆ ಹೊದಿಸಿ ಸಮುದ್ರ ಸಿದ್ಧವಾಯಿತೆಂದಿರಿ. ಹವಾಮಾನ ಬದಲಾವಣೆಗೆ ಇದೇ ಪರಿಹಾರವೆಂದೂ ಹೆಣ್ಣುಮಕ್ಕಳ ಆದಾಯಕ್ಕೆ ಇದೇ ದಾರಿಯೆಂದೂ ಸಮುದಾಯ ಭವನದಲ್ಲಿ ಮೈಕು ಹಿಡಿದು ಹೇಳಿಸಿದಿರಿ.

ಕಡಲಕಳೆಯ ಮೇಲೆ ನನಗೆ ಯಾವ ಹಗೆಯೂ ಇಲ್ಲ. ತಮಿಳುನಾಡಿನ ಕರಾವಳಿಯಲ್ಲಿ ಹೆಂಗಸರು ಬಿದಿರಿನ ತೆಪ್ಪಗಳಿಗೆ ಹಗ್ಗ ಕಟ್ಟಿ ಅದನ್ನು ಬೆಳೆಯುತ್ತಾರೆ. ಅದರ ರಸವನ್ನು ಬೆಳೆಗೆ ಸಿಂಪಡಿಸುವವರು ಕೊಳ್ಳೇಗಾಲದ ಸುತ್ತಲೂ ಇದ್ದಾರೆ. ನಾನು ಓದಿದ ಪ್ರತಿಯೊಂದು ಬರಹವೂ ಅದರ ಮೂರು ಗುಣಗಳನ್ನು ಹೊಗಳುತ್ತದೆ: ಅದಕ್ಕೆ ಭೂಮಿ ಬೇಡ, ಸಿಹಿನೀರು ಬೇಡ, ಗೊಬ್ಬರ ಬೇಡ. ತಾವು ಅದಕ್ಕೆ ನಮ್ಮ ಗೋಮಾಳದ ಭೂಮಿ ಕೊಟ್ಟಿರಿ, ನಮ್ಮ ಕೆರೆಯ ಸಿಹಿನೀರು ಕೊಟ್ಟಿರಿ, ಮೂಟೆಗಟ್ಟಲೆ ಗೊಬ್ಬರ ಕದಡಿದಿರಿ. ಒಂದು ಗಿಡದ ಮೂರು ಗುಣಗಳನ್ನೂ ಒಂದೇ ಏಟಿಗೆ ಕಳೆಯುವುದು ಸಾಮಾನ್ಯರ ಕೈಯಲ್ಲಿ ಆಗುವ ಕೆಲಸವಲ್ಲ. ಇಷ್ಟು ತಿಳಿಯದವರು ಈ ಯೋಜನೆ ಬರೆದರೆಂದು ನಾನು ನಂಬುವುದಿಲ್ಲ. ನನ್ನ ಅನುಮಾನ ಹುಟ್ಟುವುದೇ ಇಲ್ಲಿ. ಗೊತ್ತಿದ್ದೂ ಬರೆದವರಿಗೆ ಬೇಕಾಗಿದ್ದದ್ದು ಏನು?

ನೆನಪು ನಮಗೆ ಸ್ವಲ್ಪ ಜಾಸ್ತಿ, ಕ್ಷಮಿಸಬೇಕು. ನೀಲಗಿರಿ ನೆಡಿ, ಬರಡು ಹಸಿರಾಗುತ್ತದೆ ಎಂದವರನ್ನು ನೋಡಿದ್ದೇವೆ. ಬೇಲಿಗೆ ಜತ್ರೋಫಾ ಹಾಕಿ, ಟ್ರ್ಯಾಕ್ಟರಿಗೆ ಡೀಸೆಲ್ ಬೇಲಿಯಲ್ಲೇ ಸಿಗುತ್ತದೆ ಎಂದವರನ್ನೂ ನೋಡಿದ್ದೇವೆ. ನೀಲಗಿರಿ ಬೇಡವೆಂದು ಆಮೇಲೆ ಸರ್ಕಾರವೇ ಹೇಳಿತು. ಜತ್ರೋಫಾ ಈಗಲೂ ಬೇಲಿಯಲ್ಲೇ ನಿಂತಿದೆ, ಆಡು ಕೂಡ ಬಾಯಿ ಹಾಕುವುದಿಲ್ಲ. ಆದರೆ ಆ ಗಿಡಗಳು ನಮ್ಮ ಹೊಲದಲ್ಲಿ ನಿಂತವೇ ಹೊರತು ಕೆರೆಗೆ ಇಳಿದಿರಲಿಲ್ಲ.

ಇನ್ನು ಆ ಅಜಾಗರೂಕತೆಯ ಕಥೆ. ಪರಿಶೀಲನೆಗೆ ದೊಡ್ಡವರು ಬರುವ ದಿನ ಹೆಂಗಸರ ಸಂಘದವರನ್ನು ತೊಟ್ಟಿಗಳ ಸುತ್ತ ನಿಲ್ಲಿಸಿದ್ದರು. ನಾನು ಏರಿಯ ಮೇಲೆ ನಿಂತಿದ್ದೆ. ಫೋಟೋ ತೆಗೆಯಲು ಬಂದ ತಮ್ಮ ಕ್ಷೇತ್ರ ಸಹಾಯಕರು ಕೂಗಿದರು: “ಎಲ್ಲಾರೂ ಕಳೆ ಎತ್ತಿ, ಅಮ್ಮ.”

ಸಂಘದ ನಾಗಶ್ರೀ ಕೇಳಿದಳು: “ಪೂರ್ತಿ ಎತ್ಬುಡದಾ ಸಾ?”

“ಪೂರ್ತಿ ಎತ್ತಿ. ಚೆನ್ನಾಗಿ ಕಾಣ್ಬೇಕು.”

ಲಂಗ ಉಡುವ ವಯಸ್ಸಿನಿಂದ ಭತ್ತದ ಗದ್ದೆಯಲ್ಲಿ ಬಗ್ಗಿದ ಕೈಗಳು ಅವು. ಕಳೆ ಎಂದರೆ ಆ ಕೈಗಳಿಗೆ ಗೊತ್ತಿರುವುದು ಒಂದೇ ಕೆಲಸ: ಕೀಳು, ಕೊಡವು, ಬದುವಿಗೆ ಎಸೆ. ಸಹಾಯಕರು ಮೊಬೈಲಿನಿಂದ ತಲೆಯೆತ್ತುವ ಹೊತ್ತಿಗೆ ತಮ್ಮ ಹವಾಮಾನ ಪರಿಹಾರವೆಲ್ಲ ಹಗ್ಗ ಬಿಟ್ಟು ಬದುವಿನ ಮೇಲೆ ಗುಡ್ಡೆಯಾಗಿ ಬಿಸಿಲು ಕಾಯುತ್ತಿತ್ತು. ಒಬ್ಬರಂತೂ ಸೆರಗಿಗೆ ಕೈ ಒರೆಸಿಕೊಂಡು, “ಗದ್ದೇಲಾದ್ರೆ ಕಾಲ್ಗೆ ಜಿಗಣೆ ಅತ್ಕತಿತ್ತು. ಇದೇ ವಾಸಿ ಕಣ್ರಿ” ಎಂದರು.

“ಏನಮ್ಮ ಮಾಡಿದ್ರಿ? ಅದು ಬೆಳೆ” ಎಂದರು ಸಹಾಯಕರು.

ಸಂಘದವರ ನಡುವೆ ನಿಂತಿದ್ದ ಅತ್ತಿಗೆ ಬಿಡಲಿಲ್ಲ. “ಬೆಳೆ ಆದ್ರೆ ಬೆಳೆ ಅನ್ಬೇಕಾಗಿತ್ತು. ಬಂದ್ ದಿಸ್ದಿಂದ ಕಳೆ ಕಳೆ ಅಂತ ನೀವೇ ಯೋಳ್ಬುಟ್ಟು, ಕಿತ್ಮೇಲೆ ನಮ್ ಮೇಲೆ ಆಕ್ತೀರಲ್ಲ. ಕಳೇನ ಕೀಳ್ದೆ ಪೂಜೆ ಮಾಡಕ್ಕಾದ್ದಾ ಸಾ?”

ಇದು ತಪ್ಪೇ, ಒಪ್ಪುತ್ತೇನೆ. ಆದರೆ ಒಂದು ಬೆಳೆಯನ್ನು ಯಾರ ಕೈಗೆ ಒಪ್ಪಿಸುತ್ತೇವೆಯೋ ಅವರ ಮಾತಿನಲ್ಲಿ ಅದಕ್ಕೆ ಏನು ಅರ್ಥವಿದೆ ಎಂದು ಕೇಳಿಕೊಳ್ಳದವರ ತಪ್ಪು ಯಾವ ಲೆಕ್ಕದ್ದು? ಇನ್ನೊಂದು ಮಾತು. ಹೆಂಗಸರು ಕಿತ್ತದ್ದು ಕಳೆಯನ್ನು. ತೊಟ್ಟಿಯ ಕೊಳಾಯಿ ತಿರುಗಿಸಿದ್ದು ತಮ್ಮವರು. ಕಳೆಯೇ ಹೋದ ಮೇಲೆ ನೀರೇಕೆ ಎಂದು ಶ್ರಾವಣದ ಆ ಸೋಮವಾರ ಎಲ್ಲ ತೊಟ್ಟಿಗಳನ್ನೂ ಕಾಲುವೆಗೆ ಖಾಲಿ ಮಾಡಲು ಹೊರಟರು. ಅತ್ತಿಗೆ ಓಡಿಹೋಗಿ ಕೇಳಿದಾಗ ತಮ್ಮ ಸಹಾಯಕರು, “ಇದ್ರಲ್ಲಿ ಪೋಷಕಾಂಶ ಇರುತ್ತಮ್ಮ, ಪೈರಿಗೆ ಒಳ್ಳೇದು” ಎಂದರು.

“ಅಂಗಾರೆ ಒಂದ್ ಲೋಟ ಕುಡ್ದು ತೋರ್ಸಿ. ಆಮ್ಯಾಕೆ ಬುಡೀರಂತೆ.”

ಅವರು ಕುಡಿಯಲಿಲ್ಲ. ಬಿಟ್ಟರು.

ಅತ್ತಿಗೆ ಈ ಸಾಲಿನ ನಾಟಿಗೆ ಬೇರೆಯವರ ಮಡಿಯಲ್ಲಿ ಉಳಿದ ಪೈರು ಬೇಡಿ ತಂದಳು. ಅದು ಅವಳಿಗೆ ಎಂಥ ಅವಮಾನವೆಂದು ತಮಗೆ ವಿವರಿಸಲಾರೆ. ಪ್ರತಿ ವರ್ಷ ತನ್ನ ಒಟ್ಲಿನಲ್ಲಿ ಮಿಕ್ಕದ್ದನ್ನು ಊರಿಗೆ ಹಂಚುತ್ತಿದ್ದವಳು ಅವಳು. ಹೋಗಲಿ, ಈ ಸಾಲು ಕಳೆಯಿತು ಎಂದುಕೊಳ್ಳೋಣವೆಂದರೆ, ತಾವು ಕಳೆಯಲು ಬಿಡುತ್ತಿಲ್ಲ. ತೊಟ್ಟಿಗಳು ಅಂದಿನಿಂದ ಒಣಗಿ ನಿಂತಿವೆ. ಒಂದು ಎಳೆ ಕಡಲಕಳೆಯೂ ಮತ್ತೆ ಬಂದಿಲ್ಲ. ಬಂದಿರುವುದು ಬೋರ್ಡು. ಕೆರೆಯ ನಾಲ್ಕೂ ದಿಕ್ಕಿಗೆ ಕಂಬ ಹೂಳಿ, ‘ಕಡಲಕಳೆ ಯೋಜನೆ ವಿಸ್ತರಣಾ ಪ್ರದೇಶ, ಪ್ರವೇಶ ನಿಷೇಧಿಸಿದೆ’ ಎಂದು ಬರೆಸಿದ್ದೀರಿ. ದನಕ್ಕೆ ನೀರು ಕುಡಿಸಲು ಹೋದವರನ್ನು ಕಾವಲುಗಾರ ಹಿಂದಕ್ಕೆ ಕಳಿಸುತ್ತಾನೆ.

ಇಲ್ಲದ ಬೆಳೆಯನ್ನು ವಿಸ್ತರಿಸುವುದು ಹೇಗೆ? ತೊಟ್ಟಿಯಲ್ಲೂ ಉಪ್ಪಿಲ್ಲದೆ ಬದುಕದ್ದು ಸಿಹಿನೀರಿನ ಕೆರೆಯಲ್ಲಿ ಬದುಕುವುದೇ? ಬದುಕಬೇಕಾದರೆ ಇಡೀ ಕೆರೆಗೆ ಉಪ್ಪು ಸುರಿಯುತ್ತೀರಾ? ಸುರಿಯುವುದಿಲ್ಲ ಎನ್ನುವುದಾದರೆ ಕಳೆ ನೆಪ, ಕೆರೆಯೇ ಗುರಿ ಎಂದು ನಾವು ತಿಳಿಯಬಾರದೇಕೆ? ಎಲ್ಲೋ ಹೊಗೆ ಬಿಡುವ ಕಾರ್ಖಾನೆಯವರು ತಮ್ಮ ಹೊಗೆಗೆ ಪ್ರಾಯಶ್ಚಿತ್ತವೆಂದು ತೋರಿಸಲು ಎಲ್ಲೋ ಒಂದು ಹಸಿರು ಬೇಕಾಗುತ್ತದಂತೆ. ಆ ಹಸಿರು ನಮ್ಮ ಕೆರೆಯೇ? ಅದನ್ನು ಯಾರಿಗಾದರೂ ಗುತ್ತಿಗೆಗೆ ಕೊಡುವ ಮಾತಾಗಿದೆಯೇ? ನನ್ನ ಅನುಮಾನ ತಪ್ಪಾಗಿದ್ದರೆ ಅದನ್ನು ಹೋಗಲಾಡಿಸುವುದು ತಮಗೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ತಮಗೆ ಇಷ್ಟು ದಿನವೂ ಸಿಗದಿರುವುದೇ ಅನುಮಾನವನ್ನು ಬೆಳೆಸುತ್ತಿದೆ. ಅದಕ್ಕೂ ಭೂಮಿ, ನೀರು, ಗೊಬ್ಬರ ಬೇಕಾಗಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಮುಂದಿನ ಗ್ರಾಮಸಭೆಗೆ ಸಹಾಯಕರನ್ನು ಕಳಿಸದೆ ತಾವೇ ಬನ್ನಿ. ಅಜಾಗರೂಕರೆಂದು ಕರೆದ ಹೆಂಗಸರ ಎದುರಿಗೆ ನಿಂತು, ಕೊಳಾಯಿ ತಿರುಗಿಸಲು ಹೇಳಿದವರು ಯಾರೆಂದು ತಿಳಿಸಿ. ಆಮೇಲೆ, ಎಲ್ಲರಿಗೂ ಕೇಳುವಂತೆ, ಒಂದೇ ಮಾತಿನಲ್ಲಿ ಉತ್ತರಿಸಿ: ಬರುವ ಸಾಲಿನ ನಾಟಿಗೆ ಈ ಕೆರೆಯ ತೂಬು ತೆರೆಯುವವರು ನಾವೋ, ತಾವೋ?

ಇಂತಿ,
ತಮ್ಮ ಸಮುದ್ರಕ್ಕಿಂತ ತಗ್ಗಿನಲ್ಲಿ ಗದ್ದೆ ಇಟ್ಟುಕೊಂಡ ತಪ್ಪಿಗೆ ಸಿಕ್ಕಿಬಿದ್ದಿರುವ
ಮಾಲಿನಿ