ಸೀಲು ಭದ್ರವಾಗಿತ್ತು, ತಮ್ಮ ಒಳಗಿದ್ದ

ಸರಕು ಸಾಗಣೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಆರಂಭಿಸಬೇಕೆಂದು ಗೊತ್ತು. ಆ ಪದ ಇವತ್ತು ಕೈಗೆ ಬರುತ್ತಿಲ್ಲ. ಹೊಸ ಕಾರುಗಳನ್ನು ತುಂಬಿ, ಸೀಲು ಹಾಕಿ ನೀವು ಕಳಿಸಿದ ರೈಲಿನ ಡಬ್ಬಿಯೊಳಗೆ ನನ್ನ ತಮ್ಮ ಸಿಕ್ಕಿಹಾಕಿಕೊಂಡು ಧಗೆಯಲ್ಲಿ ಸತ್ತ. ದಾರಿಯಲ್ಲಿ ಅವನು ಕರೆದದ್ದು ನಿಮ್ಮವರ ಕಿವಿಗೆ ಬಿತ್ತು. ಆದರೂ ರೈಲು ಮುಂದೆ ಹೋಯಿತು. ನನ್ನ ದೂರಿಗೆ ನಿಮ್ಮ ಕಚೇರಿ ದಯಪಾಲಿಸಿದ ಉತ್ತರ ಇಷ್ಟು: “ವಾಹನಗಳಿಗೆ ಯಾವುದೇ ಹಾನಿಯಾಗಿಲ್ಲ, ಸೀಲು ಭದ್ರವಾಗಿತ್ತು.” ನಾನು ಕಾರುಗಳ ಕ್ಷೇಮಸಮಾಚಾರ ಕೇಳಿದ್ದೆನೇ?

ನನ್ನ ತಮ್ಮ ಯಾರೆಂದು ನಿಮಗೆ ಗೊತ್ತಿರಲಾರದು. ಕಾರ್ಖಾನೆಯ ಅಂಗಳದಿಂದ ಹೊಸ ಕಾರುಗಳನ್ನು ಓಡಿಸಿಕೊಂಡು ಬಂದು, ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಎರಡಂತಸ್ತಿನ ಡಬ್ಬಿಯಲ್ಲಿ ಒಂದರ ಹಿಂದೊಂದು ನಿಲ್ಲಿಸುವುದು ಅವನ ಕೆಲಸ. ಎರಡು ಕಾರುಗಳ ನಡುವೆ ಅಂಗೈ ತೂರುವಷ್ಟೇ ಜಾಗ ಬಿಡುತ್ತಿದ್ದನೆಂದು ಜೊತೆಗಾರರು ಅವನನ್ನು ಇಂಚುಪಟ್ಟಿ ಎಂದು ಕರೆಯುತ್ತಿದ್ದರು. ಅವರ ಅಂಗಿಗಳನ್ನು ಹೊಲಿಯುತ್ತಿದ್ದವಳು ನಾನೇ. ಕಾರಿನ ಬಣ್ಣಕ್ಕೆ ಗೀರು ಬೀಳಬಾರದು ನೋಡಿ, ಗುಂಡಿಗಳೆಲ್ಲ ಬಟ್ಟೆಯ ಪಟ್ಟಿಯ ಒಳಗಿರಬೇಕು. ವಾಚು, ಉಂಗುರ ನಿಷಿದ್ಧ. ಹೊಸ ಮಾದರಿಯ ಫೋಟೊ ಯಾರಾದರೂ ತೆಗೆದುಬಿಟ್ಟಾರೆಂದು ಫೋನೂ ನಿಷಿದ್ಧ. ಕಾರಿನ ಮೈಗೆ ಇಷ್ಟೊಂದು ಮುತುವರ್ಜಿ ವಹಿಸಿದವರು, ಬಾಗಿಲು ಮುಚ್ಚುವ ಮುನ್ನ ಒಳಗೆ ಹೋದವರೆಲ್ಲ ಹೊರಗೆ ಬಂದರೇ ಎಂದು ತಲೆ ಎಣಿಸಲು ಮಾತ್ರ ಮರೆತಿರಿ.

ಅವತ್ತು ರೈಲು ಬೇಗ ಹೊರಡಬೇಕೆಂದು ಮೇಲಿಂದ ಫೋನು ಬಂದಿತ್ತಂತೆ. ನನ್ನ ತಮ್ಮ ಮೇಲಿನ ಅಂತಸ್ತಿನಲ್ಲಿ, ಕೊನೆಯ ಕಾರಿನ ಚಕ್ರಕ್ಕೆ ಪಟ್ಟಿ ಬಿಗಿಯುತ್ತ ಮಲಗಿದ್ದ. ಮೇಸ್ತ್ರಿ ಕೆಳಗಿನಿಂದಲೇ “ಎಲ್ರೂ ಇಳಿದ್ರೇನ್ರೋ?” ಎಂದು ಕೂಗಿದ. ಯಾರೋ ಹೂಂಗುಟ್ಟಿದರು. ಬಾಗಿಲು ಮುಚ್ಚಿತು.

ರಾತ್ರಿ ಊಟದ ಹೊತ್ತಾದರೂ ಅವನು ಮನೆಗೆ ಬರಲಿಲ್ಲ. ಫೋನು ಮಾಡಿದರೆ ರಿಂಗಾಗುತ್ತಲೇ ಇತ್ತು. ಯಾರ್ಡಿಗೆ ಓಡಿದೆ. ಕೆಲಸಗಾರರ ಕೋಣೆಯ ಕಬ್ಬಿಣದ ಬೀರುವಿನೊಳಗೆ ಆ ಫೋನು ಗುರ್ ಗುರ್ ಎನ್ನುವುದು ಬಾಗಿಲಲ್ಲೇ ಕೇಳಿಸಿತು. ಬೀರುವಿನ ಮುಂದೆ ಅವನ ಚಪ್ಪಲಿ. ಬೆಂಚಿನ ಮೇಲೆ, ಬಿಚ್ಚದ ಬುತ್ತಿ.

“ಸಾರ್, ಚಪ್ಪಲಿ ಇಲ್ಲೇ ಇದೆಯಲ್ಲ. ರೈಲಿನ ಒಳಗೇ ಏನಾದ್ರೂ...” ಎಂದೆ.

“ಅದು ಹೇಗಮ್ಮ ಆಗತ್ತೆ? ಡಬ್ಬಿಗೆ ಸೀಲ್ ಹಾಕಿದೀವಿ” ಎಂದ ಮೇಸ್ತ್ರಿ.

“ಹಾಕೋಕೆ ಮುಂಚೆ ಒಳಗೆ ನೋಡಿದ್ರಾ?”

 ಅವನು ನಿಮ್ಮ ಕಚೇರಿಗೆ ಫೋನು ಹಚ್ಚಿಕೊಟ್ಟ. ಆ ತುದಿಯಲ್ಲಿದ್ದವರು ಬಹಳ ಸಭ್ಯರು. ರೈಲು ನಾಳೆ ತಲುಪುತ್ತದೆ, ಗಾಬರಿಯಾಗಬೇಡಿ ಎಂದರು.

ತಲುಪಿತು. ಡಬ್ಬಿ ತೆರೆದವರು ಅವನನ್ನು ಕಾರಿನೊಳಗೆ ಕಂಡರು. ಒಬ್ಬ ನನಗೆ ಹೇಳಿದ: “ಅಕ್ಕಾ, ನಿದ್ದೆ ಹೋದ ಹಾಗಿದ್ರು. ಕೈ ಸ್ಟೀರಿಂಗ್ ಮೇಲಿತ್ತು. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ತಳ್ಳಿಕೊಂಡು ಹೋಗೇ ಲಾರಿಗೆ ಹತ್ತಿಸಿದ್ವಿ.” ಆ ಕಾರನ್ನು ಒರೆಸಿ, ಬ್ಯಾಟರಿ ಬದಲಿಸಿ, ಮಾರಾಟದ ಮಳಿಗೆಗೆ ಮುಟ್ಟಿಸಿದಿರಿ. ಈಗ ಯಾವುದೋ ಮನೆಯವರು ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿರಬೇಕು. ಅವರಿಗೆ ವಿಷಯ ತಿಳಿಯುವುದು ಬೇಡ. ಆದರೆ ಬೀದಿಯಲ್ಲಿ ಯಾರಾದರೂ ಹಾರ್ನ್ ಒತ್ತಿಹಿಡಿದರೆ ನಾನು ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಬ್ಯಾಟರಿ ಏಕೆ ಇಳಿಯಿತು ಎಂದು ನಿಮ್ಮ ಉತ್ತರದಲ್ಲಿ ಇಲ್ಲ. ಹಾಗಾಗಿ ನಾನೇ ಆ ಹಳಿಯ ಗುಂಟ ಹೋಗಿ ನಿಲ್ದಾಣ ನಿಲ್ದಾಣದಲ್ಲಿ ಇಳಿದು ಕೇಳಿದೆ. ಬಯಲಿನ ನಡುವೆ ಒಂದು ಸಣ್ಣ ನಿಲ್ದಾಣ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಿಮ್ಮ ರೈಲನ್ನು ಹೊರಟ ದಿನವೇ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಹಳ ಹೊತ್ತು ಅಲ್ಲಿ ನಿಲ್ಲಿಸಿದ್ದರಂತೆ. ಗೇಟು ಕಾಯುವ ಹಿರಿಯರು ನನ್ನನ್ನು ಕುಳ್ಳಿರಿಸಿ ನೀರು ಕೊಟ್ಟರು.

“ಹಾರ್ನ್ ಕೇಳಿಸ್ತಮ್ಮ. ಅಲಾರಂ ಆಗಿದ್ರೆ ಒಂದೇ ಸಮ ಕಿರುಚತ್ತೆ. ಇದು ಹಾಗಲ್ಲ, ಕೂಗಿ ನಿಲ್ತಿತ್ತು. ಯಾರಾದ್ರೂ ಓಗೊಡ್ತಾರೇನೋ ಅಂತ ಕಾಯ್ದ ಹಾಗೆ. ಆಮೇಲೆ ಮತ್ತೆ ಶುರುವಾಗ್ತಿತ್ತು. ನಾನು ಓಡಿಹೋಗಿ ಡಬ್ಬಿ ತಟ್ಟಿದೆ. ಹಾರ್ನ್ ನಿಂತ್ಹೋಯ್ತು.”

“ಮಾತು ಕೇಳಿಸ್ತಾ?”

“ಅಷ್ಟರಲ್ಲಿ ಪಕ್ಕದ ಹಳೀಲಿ ಎಕ್ಸ್‌ಪ್ರೆಸ್ ಬಂತು, ಏನೂ ಕೇಳಿಸ್ಲಿಲ್ಲ. ಆದ್ರೆ ಅಂಗೈ ತಗಡಿನ ಮೇಲಿತ್ತಲ್ಲ, ಒಳಗಿಂದ ತಟ್ಟಿದ್ದು ಕೈಗೆ ಗೊತ್ತಾಯ್ತು.”

ಅವರು ಸ್ಟೇಷನ್ ಮಾಸ್ತರರ ಬಳಿಗೆ ಓಡಿದರು. ಮಾಸ್ತರರು ನಿಮ್ಮ ನಿಯಂತ್ರಣ ಕೊಠಡಿಗೆ ಫೋನು ಮಾಡಿದರು. ಅಲ್ಲಿಂದ ಬಂದ ಅಪ್ಪಣೆ: “ಸೀಲು ಒಡೆಯುವ ಅಧಿಕಾರ ನಿಮಗಿಲ್ಲ. ಕಾರಿನ ಅಲಾರಂ ಇರಬೇಕು. ಗಾಡಿ ಬಿಡಿ.” ಸಿಗ್ನಲ್ ಬಿತ್ತು. ಆ ಹಿರಿಯರು ಇದನ್ನು ಹೇಳುವಾಗ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಅಂದಿನಿಂದ ನನಗೂ ಆ ರೋಗ ಅಂಟಿದೆ. ನನ್ನ ಹೊಲಿಗೆ ಅಂಗಡಿಯ ಶಟರ್ ಎಳೆದ ಮೇಲೆ ತಗಡಿನ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಒಳಗೆ ಯಾರೂ ಇಲ್ಲವೆಂದು ಬಲ್ಲೆ. ಬಲ್ಲೆನಾದರೂ ಕೈ ತೆಗೆಯಲಾಗುವುದಿಲ್ಲ.

ಮುಚ್ಚಿದ ಡಬ್ಬಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಹೊಗೆಯೇ ಕೊಲ್ಲುತ್ತದೆಂದು ತಮ್ಮನಿಗೆ ಗೊತ್ತಿತ್ತು, ಮಾಡಲಿಲ್ಲ. ಬದುಕಬೇಕೆಂದಿದ್ದವನು ಅವನು. ಅವನು ಕರೆದ, ಒಬ್ಬರು ಓಗೊಟ್ಟರು, ಅವನು ಮರುತಟ್ಟಿದ. ಇನ್ನೇನು ಮಾಡಬೇಕಿತ್ತು? ನಿಮ್ಮ ಕಚೇರಿಗೆ ಅರ್ಜಿ ಹಾಕಬೇಕಿತ್ತೇ?

ನನ್ನ ಬೇಡಿಕೆ ದೊಡ್ಡದಲ್ಲ. ಪ್ರತಿ ಡಬ್ಬಿಯ ಬಾಗಿಲಿಗೂ ಒಳಗಿನಿಂದ ತೆರೆಯುವ ಚಿಲಕ ಹಾಕಿಸಿ. ಒಳಗಿನಿಂದ ಸದ್ದು ಕೇಳಿದವರು ಯಾರೇ ಆಗಲಿ, ಗೇಟು ಕಾಯುವವರೇ ಆಗಲಿ, ಆ ಗಾಡಿಯನ್ನು ನಿಲ್ಲಿಸಿ ಬಾಗಿಲು ತೆರೆಸಬಹುದೆಂದು ಆದೇಶ ಹೊರಡಿಸಿ. ಇದಕ್ಕೆ ಸಮಿತಿ, ಪರಿಶೀಲನೆ ಎಂದೆಲ್ಲ ಹೇಳುವುದಾದರೆ ಒಂದು ಕೆಲಸ ಮಾಡಿ. ನಡುಮಧ್ಯಾಹ್ನ ಅಂಥದ್ದೊಂದು ಡಬ್ಬಿಯೊಳಗೆ ಹೋಗಿ ನಿಂತು, ಹೊರಗಿನಿಂದ ಬಾಗಿಲು ಮುಚ್ಚಿಸಿಕೊಳ್ಳಿ. ಬಹಳ ಹೊತ್ತು ಬೇಡ. ಯಾರನ್ನಾದರೂ ಕೂಗಬೇಕು ಎನ್ನಿಸುವವರೆಗೆ ಸಾಕು. ಆಮೇಲೆ ಹೊರಗೆ ಬಂದು ಸಹಿ ಹಾಕಿ.

ಇಂತಿ,
ವರ್ಷ ಹೋದಂತೆ ತಮ್ಮನಿಗಿಂತ ಇನ್ನಷ್ಟು ಹಿರಿಯಳಾಗುತ್ತಿರುವ ಒಬ್ಬ ಅಕ್ಕ